ರೈಜನ್ 3 3200ಜಿ ಪ್ರೊಸೆಸರ್, 8 ಜಿಬಿ ರ‍್ಯಾಮ್, ಎಲ್ಲಾ ಲೋ ಇಟ್ಟರೂ ಜಿಟಿಎ 5 ತಡವರಿಸುತ್ತೆ. ಇನ್ನೂ ಯಾವ ಸೆಟ್ಟಿಂಗ್ ಇಳಿಸಲಿ? ಅಥವಾ 2 ಜಿಬಿ ಗ್ರಾಫಿಕ್ಸ್ ಕಾರ್ಡ್ ಹಾಕಿಸಲಾ?

ಕಾರ್ಡ್ ಬೇಡ. ಸೆಟ್ಟಿಂಗನ್ನೂ ಸದ್ಯಕ್ಕೆ ಮುಟ್ಟಬೇಡಿ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಅದರೊಳಗೆ ಮೆಮೊರಿ ನೋಡಿ. 'ಸ್ಲಾಟ್ಸ್ ಯೂಸ್ಡ್: 1 ಆಫ್ 2', ಅಂದರೆ ರ‍್ಯಾಮ್ ಕೂರಿಸುವ ಎರಡು ಜಾಗದಲ್ಲಿ ಒಂದೇ ತುಂಬಿದೆ ಅಂತಿದ್ದರೆ ಮುಂದೆ ಓದಿ.

ನನ್ನದೂ ಇದೇ ಪಿಸಿ. ಅದೇ 3200ಜಿ, ಅದರೊಳಗಿನ ಅದೇ ವೇಗಾ 8 ಗ್ರಾಫಿಕ್ಸ್, 8 ಜಿಬಿಯ ಒಂದೇ ಸ್ಟಿಕ್. ತೀರ್ಥಹಳ್ಳಿ ಹತ್ತಿರ ನಮ್ಮ ಮನೆ. ಮಳೆಗಾಲದಲ್ಲಿ ಹೊರಗೆ ಕಾಲಿಡುವ ಹಾಗಿಲ್ಲ, ಕರೆಂಟ್ ಇದ್ದಷ್ಟು ಹೊತ್ತು ಜಿಟಿಎ. ಗೇಮಿನ ಊರೊಳಗೆ ಹೇಗೋ ಓಡುತ್ತಿತ್ತು. ಬೆಟ್ಟದ ಕಡೆ ಕಾರು ತಿರುಗಿಸಿದರೆ ಮುಗೀತು, ನಾನು ಬ್ರೇಕ್ ಒತ್ತುವುದು ಯಾವಾಗಲೋ, ಕಾರು ನಿಲ್ಲುವುದು ಯಾವಾಗಲೋ. ಎಲ್ಲಾ ಲೋ ಮಾಡಿದೆ. ವಿಂಡೋಸ್ ಅನಿಮೇಷನ್ ಆಫ್ ಮಾಡಿದೆ. ಯಾವುದೋ 'ಗೇಮ್ ಬೂಸ್ಟರ್' ಕೂಡ ಹಾಕಿದೆ, ಅದರಿಂದ ಜಾಹೀರಾತು ಬಂತೇ ಹೊರತು ಇನ್ನೇನೂ ಬರಲಿಲ್ಲ.

ಆಗ ಮಾಡಿದ ಕೆಲಸ ಏನು ಗೊತ್ತಾ? ಅಡಿಕೆ ಸೀಸನ್ನಿನಲ್ಲಿ ಅಪ್ಪ ಕೊಟ್ಟ ದುಡ್ಡು ಹಿಡಿದು ಶಿವಮೊಗ್ಗದ ಬಸ್ ಹತ್ತಿದೆ. ಅಂಗಡಿಯಲ್ಲಿ "ಗೇಮಿಗೆ ಒಂದು ಕಾರ್ಡ್ ಕೊಡಿ ಅಣ್ಣಾ" ಅಂದೆ. ನನ್ನ ಬಜೆಟ್ಟಿಗೆ ಸಿಕ್ಕಿದ್ದು ಜಿಟಿ 710, 2 ಜಿಬಿ, ಡಿಡಿಆರ್3 ಮೆಮೊರಿಯದ್ದು. ಡಬ್ಬದ ಮೇಲೆ ದೊಡ್ಡದಾಗಿ 2 ಜಿಬಿ ಅಂತಿತ್ತು. ನಾನು ಓದಿದ್ದು ಅಷ್ಟೇ. ಪ್ರೊಸೆಸರ್ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಇದಕ್ಕೆ 2 ಜಿಬಿ ಇದೆ, ಅಂದಮೇಲೆ ಇದೇ ಮೇಲು ಅಂದುಕೊಂಡೆ.

ಮನೆಗೆ ಬಂದು ಹಾಕಿದೆ. ಗೇಮ್ ಮೊದಲಿಗಿಂತ ನಿಧಾನ!

ಯಾಕೆ ಅಂತ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಅದೇ ಗುಂಡಿಯ ಅಂಚಿನಲ್ಲಿ ನಿಂತಿದ್ದೀರಿ. ಡಬ್ಬದ ಮೇಲಿನ ಜಿಬಿ ಹೇಳುವುದು ಎಷ್ಟು ಸಾಮಾನು ಹಿಡಿಯುತ್ತೆ ಅಂತ. ಎಷ್ಟು ಬೇಗ ಸಾಗಿಸುತ್ತೆ ಅಂತ ಅಲ್ಲ. ಆ ಕಾರ್ಡಿನ ಮೆಮೊರಿ ದಾರಿ 64 ಬಿಟ್ ಅಗಲ, ಸೆಕೆಂಡಿಗೆ 14.4 ಜಿಬಿ ಸಾಗಿಸುತ್ತೆ. ನನ್ನ 2666 ಸ್ಪೀಡಿನ ಒಂದೇ ರ‍್ಯಾಮ್ ಸ್ಟಿಕ್ಕೇ ಸೆಕೆಂಡಿಗೆ 21.3 ಜಿಬಿ ಸಾಗಿಸುತ್ತಿತ್ತು! ಲೆಕ್ಕ ಮಾಡುವ ಕೋರ್ ನೋಡಿದರೆ ಕಾರ್ಡಿನಲ್ಲಿ 192, ವೇಗಾ 8ರಲ್ಲಿ 512. ಎರಡರಲ್ಲೂ ಹಿಂದೆ ಇರುವುದನ್ನು ದುಡ್ಡು ಕೊಟ್ಟು ತಂದಿದ್ದೆ. ಅದನ್ನು ಹಾಕಿ ಮಾನಿಟರ್ ಕೇಬಲ್ ಚುಚ್ಚಿದ ಮೇಲೆ ವೇಗಾಗೆ ಕೆಲಸವೇ ಇಲ್ಲ. ಕಾರ್ಡಿನ ತಪ್ಪಲ್ಲ ಬಿಡಿ, ಅದು ಮಾನಿಟರಿಗೆ ಚಿತ್ರ ಕೊಡೋಕೆ, ವಿಡಿಯೋ ನೋಡೋಕೆ ಅಂತ ಇರೋದು.

ಸಾಗರದಿಂದ ಅತ್ತೆ ಮಗ ಬಂದಿದ್ದ. ಮುಚ್ಚಳ ತೆಗೆದು ಇಣುಕಿ, "ಎಂತ ಮಾರಾಯ, ಪಕ್ಕದ ಸ್ಲಾಟ್ ಖಾಲಿ ಬಿಟ್ಕೊಂಡು ಕಾರ್ಡ್ ತಂದಿದ್ದೀಯಲ್ಲ" ಅಂದ. ವೇಗಾ ಓಡುವುದೇ ನಿಮ್ಮ ರ‍್ಯಾಮ್ ಮೇಲೆ. ಅಡಿಕೆ ಸುಲಿಯೋಕೆ ಎಂಟು ಜನ ಕೂತು, ಕಾಯಿ ತಂದು ಹಾಕೋನು ಒಬ್ಬನೇ ಆದರೆ ಹೇಗಿರುತ್ತೆ? ಹಾಗೆ. ಎರಡನೇ ಸ್ಟಿಕ್ ಬಿದ್ದರೆ 21.3 ಇದ್ದದ್ದು 42.6 ಆಗುತ್ತೆ, ಇದೇ ಡ್ಯುಯಲ್ ಚಾನೆಲ್. ಕಾರ್ಡ್ ಅರ್ಧ ಬೆಲೆಗೆ ಮಾರಿ ಅದೇ ಸ್ಪೀಡಿನ ಇನ್ನೊಂದು 8 ಜಿಬಿ ತಂದೆ. ಕಾರು ಬೆಟ್ಟ ಹತ್ತಿತು. 8 ಜಿಬಿಯಲ್ಲಿ ಒಂದು ಪಾಲನ್ನು ಗ್ರಾಫಿಕ್ಸೇ ಎತ್ತಿಟ್ಟುಕೊಳ್ಳುತ್ತೆ, ಹಾಗಾಗಿ ಆ ಹೆಚ್ಚಿನ 8 ಜಿಬಿಯೂ ಸುಮ್ನೆ ಹೋಗಲಿಲ್ಲ. ನಿಮ್ಮ ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ಯಾವ ಎರಡಕ್ಕೆ ಹಾಕಬೇಕು ಅಂತ ಮ್ಯಾನುಯಲ್ ನೋಡಿ. ಬಯೋಸ್‌ನಲ್ಲಿ ಎಕ್ಸ್‌ಎಂಪಿ (ರ‍್ಯಾಮನ್ನು ಅದರ ಪೂರ್ತಿ ಸ್ಪೀಡಿಗೆ ಏರಿಸುವ ಆಯ್ಕೆ) ಆನ್ ಮಾಡದಿದ್ದರೆ 3200ರ ರ‍್ಯಾಮ್ ಕೂಡ ಕಡಿಮೆ ಸ್ಪೀಡಿನಲ್ಲೇ ಓಡುತ್ತಿರಬಹುದು, ಅದನ್ನೂ ನೋಡಿ.

ಇನ್ನು ಸೆಟ್ಟಿಂಗ್. 'ಎಲ್ಲಾ ಲೋ' ಅನ್ನುವುದೇ ನನಗೆ ಒಪ್ಪಿಗೆ ಇಲ್ಲ. ಮೊದಲು ಇಳಿಸಬೇಕಾದ್ದು ರೆಸಲ್ಯೂಶನ್. 1920x1080 ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್, 1280x720 ಅಂದರೆ 9.2 ಲಕ್ಷ. ಅರ್ಧಕ್ಕಿಂತ ಕಡಿಮೆ ಕೆಲಸ. ಎಂಎಸ್‌ಎಎ (ಅಂಚುಗಳನ್ನು ನುಣುಪು ಮಾಡುವುದು) ಪೂರ್ತಿ ಆಫ್. ನೆರಳು, ಪ್ರತಿಬಿಂಬ, ಹುಲ್ಲು ತಳಕ್ಕೆ. ಬೆಟ್ಟದ ಕಡೆ ನಿಮ್ಮ ಪಿಸಿ ಬಳಲಲು ಆ ಹುಲ್ಲೂ ಒಂದು ಕಾರಣ. ಮಲೆನಾಡಿನವರಿಗೆ ಹುಲ್ಲು ನೋಡೋಕೆ ಗೇಮ್ ಯಾಕೆ ಬೇಕು ಹೇಳಿ, ಕಿಟಕಿ ತೆಗೆದರೆ ಸಾಲದಾ? ಈ ಗೇಮಿನಲ್ಲಿ ತಳದ ಮಟ್ಟದ ಹೆಸರೇ ನಾರ್ಮಲ್, ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಕೂಡ ನಾರ್ಮಲ್‌ನಲ್ಲೇ ಇರಲಿ. ಪಾಪ್ಯುಲೇಶನ್ ಡೆನ್ಸಿಟಿ (ಬೀದಿಯಲ್ಲಿ ಎಷ್ಟು ಜನ, ಗಾಡಿ) ಪ್ರೊಸೆಸರ್ ತಲೆ ಮೇಲೆ ಬೀಳುವಂಥದ್ದು, ಊರೊಳಗೆ ತಡವರಿಸಿದರೆ ಅದನ್ನು ಇಳಿಸಿ. ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ಒಮ್ಮೆ 50, ಒಮ್ಮೆ 25 ಅಂತ ಹಾರಾಡಿದರೆ ವಿ-ಸಿಂಕ್ (ಗೇಮಿನ ಚಿತ್ರಗಳನ್ನು ಮಾನಿಟರ್ ಜೊತೆ ಹೊಂದಿಸುವುದು) 'ಹಾಫ್' ಇಡಿ. 60 ಹರ್ಟ್ಜ್ ಮಾನಿಟರಿನಲ್ಲಿ ಅದು 30ಕ್ಕೆ ಕಟ್ಟಿಹಾಕುತ್ತೆ. ಕುಣಿಯುವ 50ಕ್ಕಿಂತ ನಿಂತ 30 ಆಡೋಕೆ ಹಿತ, ಇದು ನನ್ನ ಹಠ ಅಂತಲೇ ಇಟ್ಟುಕೊಳ್ಳಿ.

ಹೊಸ ಗೇಮುಗಳಲ್ಲಿ ಎಫ್‌ಎಸ್‌ಆರ್ ಇದ್ದರೆ ರೆಸಲ್ಯೂಶನ್ 1080ರಲ್ಲೇ ಬಿಟ್ಟು ಅದನ್ನು 'ಕ್ವಾಲಿಟಿ'ಗೆ ಇಡಿ. ಒಳಗೆ 720ರಲ್ಲೇ ಬಿಡಿಸಿ ದೊಡ್ಡದು ಮಾಡಿ ತೋರಿಸುತ್ತೆ, ಅಕ್ಷರಗಳೂ ಮಸುಕಾಗಲ್ಲ.

ಸಂಜೆ ವೋಲ್ಟೇಜ್ ಕಮ್ಮಿ ಇರೋದಕ್ಕೇ ಗೇಮ್ ನಿಧಾನ ಅಂತ ನಮ್ಮ ಕಡೆ ಹೇಳೋರಿದ್ದಾರೆ. ಅದೆಲ್ಲ ಇಲ್ಲ. ವೋಲ್ಟೇಜ್ ತೀರಾ ಬಿದ್ದರೆ ಪಿಸಿ ಆಫ್ ಆಗುತ್ತೆ ಅಷ್ಟೇ. ಅದಕ್ಕೆ ಯುಪಿಎಸ್ ಬೇಕು, ಸೆಟ್ಟಿಂಗ್ ಅಲ್ಲ.

ಅಷ್ಟಾದ ಮೇಲೂ ಕಾರ್ಡ್ ಬೇಕೇ ಬೇಕು ಅಂದರೆ ಜಿಬಿ ಬಿಟ್ಟು ಬಿಟ್ ಕೇಳಿ. 64 ಬಿಟ್ ಡಿಡಿಆರ್3 ಅಂದರೆ ವಾಪಸ್ ಬನ್ನಿ. ಸೆಕೆಂಡ್ ಹ್ಯಾಂಡ್ ಜಿಟಿಎಕ್ಸ್ 1050 ಟಿಐ ಸಿಕ್ಕರೆ ಅದು 128 ಬಿಟ್, ಸೆಕೆಂಡಿಗೆ 112 ಜಿಬಿ, 75 ವ್ಯಾಟ್. ಕೊಳ್ಳುವ ಮೊದಲು ಅಂಗಡಿಯಲ್ಲೇ ಹಾಕಿಸಿ ಒಂದು ಗೇಮ್ ಓಡಿಸಿ ನೋಡಿ.