ಶಾಲೆಯ ಸುರಕ್ಷತಾ ಯೋಜನೆ ತೋರಿಸಿ ಅಂತ ಪೋಷಕರು ಕೇಳಬಹುದಾ?

ಅಂಕೋಲಾ ಕಡೆಯ ಶಾಲೆಯೊಂದರ ಬಗ್ಗೆ ಕೇಳಿದ್ದೀರಿ. ಖಂಡಿತ ಕೇಳಿ.

2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣಂನ ಶಾಲೆಗೆ ಬೆಂಕಿ ಬಿದ್ದು 94 ಮಕ್ಕಳು ಸತ್ತರು. ಸುರಕ್ಷಿತ ಶಾಲೆಯೂ ಶಿಕ್ಷಣದ ಹಕ್ಕಿನ ಭಾಗ ಎಂದು 2009ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸರ್ಕಾರಿಯಾಗಲಿ, ಖಾಸಗಿಯಾಗಲಿ, ಪ್ರತಿ ಶಾಲೆಯೂ ತನ್ನ ಜಾಗದ ಅಪಾಯ ನೋಡಿ ಯೋಜನೆ ಮಾಡಬೇಕು ಅನ್ನುತ್ತದೆ ರಾಷ್ಟ್ರೀಯ ವಿಪತ್ತು ನಿರ್ವಹಣಾ ಪ್ರಾಧಿಕಾರದ 2016ರ ಮಾರ್ಗಸೂಚಿ.

'ತನ್ನ ಜಾಗದ' ಅನ್ನೋದೇ ಇಲ್ಲಿ ಮುಖ್ಯ. ಬೇರೆ ಊರಿನದನ್ನು ನಕಲು ಮಾಡಿಟ್ಟರೆ ಅದು ಸುಮ್ನೆ ಕಾಗದ. ನಮ್ಮಲ್ಲಿ ತುಂಬಿದ ಹೊಳೆ, ಹೆದ್ದಾರಿಗಾಗಿ ಕಡಿದ ಗುಡ್ಡ ಮೊದಲು ಬರಬೇಕು. 2024ರ ಜುಲೈ 16ರಂದು, ಅದೇ ತಾರೀಕು, ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೋಡಿದ್ದೇವೆ ಅಲ್ವಾ?

ಪೋಷಕರ ಸಭೆಯಲ್ಲಿ ನೇರವಾಗಿ ಕೇಳಿ: ಮಳೆ ಜಾಸ್ತಿಯಾದರೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯುತ್ತೀರಿ? ಅದರ ಅಭ್ಯಾಸ ಕೊನೆಯ ಸಲ ಯಾವಾಗ ಮಾಡಿಸಿದಿರಿ?