ಹಿಮ್ಮಡಿ ಒಡೆದಿದೆ, ಬರೀ ವ್ಯಾಸಲೀನ್ ಸಾಕಾ?

ಒಣ ಹಿಮ್ಮಡಿಗೆ ಸುಮ್ನೆ ವ್ಯಾಸಲೀನ್ ಬಳಿದರೆ ಜಾಸ್ತಿ ಉಪಯೋಗ ಇಲ್ಲ, ಅದು ಇರುವ ತೇವವನ್ನು ಹಿಡಿದಿಡುತ್ತದೆ ಅಷ್ಟೇ. ಚರ್ಮ ದಪ್ಪಗಟ್ಟಿದ್ದರೆ ಯೂರಿಯಾ ಇರುವ ಕ್ರೀಮ್ ತಗೊಳ್ಳಿ, ಟ್ಯೂಬಿನ ಮೇಲೆ 10ರಿಂದ 25 ಪರ್ಸೆಂಟ್ ಅಂತ ಇರಲಿ. ಅದು ನೀರು ಹಿಡಿದುಕೊಂಡು ಗಟ್ಟಿ ಚರ್ಮವನ್ನು ಮೆತ್ತಗೆ ಮಾಡುತ್ತದೆ. (ಗದ್ದೆಗೆ ಹಾಕುವ ಯೂರಿಯಾನೂ ಅದೇ, ಆದರೆ ಗೊಬ್ಬರ ಹಚ್ಚಬೇಡಿ ಮಾರಾಯ್ರೇ!) ರಾತ್ರಿ 10 ನಿಮಿಷ ಉಗುರುಬೆಚ್ಚನೆ ನೀರಲ್ಲಿ ಕಾಲಿಟ್ಟು, ಒರೆಸಿ, ಪಸೆ ಆರುವ ಮೊದಲೇ ಕ್ರೀಮ್ ಹಚ್ಚಿ, ಮೇಲೆ ಕಾಟನ್ ಸಾಕ್ಸ್ ಹಾಕಿ ಮಲಗಿ. ಬೆರಳ ಸಂದಿಗೆ ಮಾತ್ರ ಬೇಡ, ಅಲ್ಲಿ ತೇವ ನಿಂತರೆ ಫಂಗಸ್ ಆಗಬಹುದು. ಬಿರುಕಲ್ಲಿ ರಕ್ತ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಶುಗರ್ ಇರುವವರು ಕಾಲು ನೆನೆಸುವುದೂ ಬೇಡ, ಸ್ಪರ್ಶ ಕಮ್ಮಿ ಇದ್ದರೆ ನೀರಿನ ಬಿಸಿ ಗೊತ್ತಾಗುವುದಿಲ್ಲ.