ಪ್ರಾಥಮಿಕ ಶಾಲೆ ಮಕ್ಕಳಿಗೆ ವಿಡಿಯೊ ತೋರಿಸಿದರೆ ವಿಜ್ಞಾನ ನಿಜವಾಗಿ ಅರ್ಥವಾಗುತ್ತದೆಯೇ?

ಅರ್ಥವಾಗುತ್ತದೆ. ಆದರೆ ಬರಿಗಣ್ಣಿಗೆ ಸಿಗದ ವಿಷಯಗಳಲ್ಲೇ ಅದರ ಲಾಭ ಜಾಸ್ತಿ. ಬೀಜ ಮೊಳಕೆಯೊಡೆಯಲು ದಿನಗಳು ಬೇಕು, ವೇಗವಾಗಿ ಓಡಿಸಿದ ವಿಡಿಯೊದಲ್ಲಿ ಅದು ಅರ್ಧ ನಿಮಿಷದಲ್ಲಿ ಕಾಣುತ್ತದೆ. ಹೃದಯದ ಕವಾಟ ತೆರೆದು ಮುಚ್ಚುವುದನ್ನು ಬೇರೆ ಹೇಗೆ ತೋರಿಸುತ್ತೀರಿ? ಐಸ್ ಕರಗುವುದಕ್ಕೆ ಮಾತ್ರ ಪರದೆ ಬೇಡ, ಒಂದು ತಟ್ಟೆ ಸಾಕು.

ಮಾತು ಮತ್ತು ಚಿತ್ರವನ್ನು ಮನಸ್ಸು ಎರಡು ಬೇರೆ ದಾರಿಗಳಲ್ಲಿ ಒಳಗೆ ತೆಗೆದುಕೊಳ್ಳುತ್ತದೆ. ಕೆನಡಾದ ಮನಶ್ಶಾಸ್ತ್ರಜ್ಞ ಆಲನ್ ಪೈವಿಯೊ ಈ ವಿವರಣೆ ಕೊಟ್ಟವರು. ಎರಡೂ ಕಡೆಯಿಂದ ಬಂದದ್ದು ಒಂದಕ್ಕೊಂದು ಹೊಂದಿಕೊಂಡರೆ ನೆನಪು ಗಟ್ಟಿಯಾಗುತ್ತದೆ. ಆದರೆ ಪ್ರತಿ ದಾರಿಯೂ ಕಿರಿದು. ಚಿತ್ರದ ಕೆಳಗೆ ಉದ್ದನೆಯ ಬರಹ ಇದ್ದು, ಅದನ್ನೇ ಯಾರೋ ಓದುತ್ತಿದ್ದರೆ ಮಗು ಬರಹ ಓದಬೇಕಾ, ಚಿತ್ರ ನೋಡಬೇಕಾ? ಹಿನ್ನೆಲೆ ಸಂಗೀತವೂ ಸುಮ್ನೆ ಅಡ್ಡಿ.

ಹಾಗಾಗಿ ಚಿಕ್ಕ ವಿಡಿಯೊ ಆರಿಸಿ. ನಡುವೆ ನಿಲ್ಲಿಸಿ, "ಮುಂದೆ ಏನಾಗಬಹುದು?" ಎಂದು ಕೇಳಿ. ನನ್ನ ಪ್ರಕಾರ ವಿಡಿಯೊಗಿಂತ ಈ ಪ್ರಶ್ನೆಯೇ ಹೆಚ್ಚು ಕಲಿಸುತ್ತದೆ. ಸುಮ್ಮನೆ ನೋಡುತ್ತಾ ಕೂತರೆ ಎಲ್ಲ ಗೊತ್ತಾಯಿತು ಅನ್ನಿಸುತ್ತದೆ, ಅಷ್ಟೇ.

ಇನ್ನೊಂದು ವಿಷಯ. ಚಿತ್ರ ತಪ್ಪನ್ನೂ ಅಷ್ಟೇ ಗಟ್ಟಿಯಾಗಿ ಕಲಿಸುತ್ತದೆ. ಹೆಚ್ಚಿನ ಚಿತ್ರಗಳಲ್ಲಿ ಚಂದ್ರ ಭೂಮಿಯ ಪಕ್ಕದಲ್ಲೇ ಇರುತ್ತಾನೆ. ನಿಜದಲ್ಲಿ ಇಬ್ಬರ ನಡುವೆ ಸುಮಾರು 30 ಭೂಮಿಗಳನ್ನು ಸಾಲಾಗಿ ಇಡಬಹುದು! ಅಂಥ ಚಿತ್ರ ತೋರಿಸುವಾಗ ಅಳತೆ ಸರಿಯಿಲ್ಲ ಎಂದು ಮೊದಲೇ ಹೇಳಿಬಿಡಿ.